ಅರ್ಧ ಬೆಲೆಗೆ ದೆಹಲಿಯ ಸ್ಪೋರ್ಟ್ಸ್ ಕಾರು: ದುಡ್ಡು ಬಿಗಿಯಾದಾಗ ಕೊಳ್ಳಬಹುದೇ?

“ದೆಹಲಿಯಲ್ಲಿ 10 ವರ್ಷ ಆದ ಕಾರೆಲ್ಲ ಗುಜರಿಗೆ! ಅದಕ್ಕೇ 50 ಲಕ್ಷದ ಜರ್ಮನ್ ಕಾರು ಬರೀ 6 ಲಕ್ಷಕ್ಕೆ! ಗೆಳೆಯರಿಗೆಲ್ಲ ಕಳಿಸಿ!” ಈ ಥರದ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ಮಿರಮಿರ ಮಿಂಚುವ ಕಾರಿನ ನಾಲ್ಕು ಫೋಟೊ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ, ಜಗಳೂರು ಕಡೆ ಮೆಕ್ಕೆಜೋಳ ಕೈ ಹಿಡಿದ ವರ್ಷ ಮನೆಯಲ್ಲಿ ಕಾರಿನ ಮಾತು ಶುರುವಾಗುತ್ತದೆ. ಹುಡುಗರಿಗೆ ಬರೀ ಕಾರು ಸಾಲದು, ಸ್ವಲ್ಪ ಓಡುವ ಕಾರೇ ಬೇಕು. ಅಷ್ಟರಲ್ಲಿ ರೇಟು ಬೀಳುತ್ತದೆ ಅಥವಾ ಮಳೆ ಕೈಕೊಡುತ್ತದೆ. 12 ಲಕ್ಷ ಅಂದುಕೊಂಡಿದ್ದ ಬಜೆಟ್ 6 ಲಕ್ಷಕ್ಕೆ ಇಳಿಯುತ್ತದೆ, ಆಸೆ ಮಾತ್ರ ಇಳಿಯುವುದಿಲ್ಲ. ಮೇಲಿನಂಥ ಮೆಸೇಜು ಮನಸ್ಸಿಗೆ ನಾಟುವುದು ಆಗಲೇ.

ಹಾಗಾದರೆ ಅದರಲ್ಲಿ ಎಷ್ಟು ನಿಜ? ಕೈ ಬಿಗಿಯಾದಾಗ ಸ್ಪೋರ್ಟ್ಸ್ ಕಾರಿನ ಆಸೆಯನ್ನು ಪೂರ್ತಿ ಬಿಡಬೇಕೇ? ಬನ್ನಿ, ಒಂದೊಂದಾಗಿ ನೋಡೋಣ.

ದೆಹಲಿ ಕಾರು ಅಗ್ಗ ಯಾಕೆ?

ಫಾರ್ವರ್ಡ್‌ನಲ್ಲಿರುವುದು ಅರ್ಧ ಸತ್ಯ. ವಾಯುಮಾಲಿನ್ಯದ ಕಾರಣಕ್ಕೆ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಪೆಟ್ರೋಲ್ ವಾಹನಕ್ಕೆ ಮಿತಿ 10 ಅಲ್ಲ, 15 ವರ್ಷ. ಆಮೇಲೆ ಈ ನಿಯಮದ ಜಾರಿಯಲ್ಲಿ ಬದಲಾವಣೆಗಳೂ ಆಗಿವೆ. ಒಟ್ಟಿನಲ್ಲಿ ಅಲ್ಲಿನವರಿಗೆ ಹಳೆ ಡೀಸೆಲ್ ಕಾರು ತಲೆನೋವು. ಅದಕ್ಕೇ ರೇಟು ಕಮ್ಮಿ.

ಆದರೆ 6 ಲಕ್ಷ ಕೊಟ್ಟ ಕೂಡಲೇ ಲೆಕ್ಕ ಮುಗಿಯುವುದಿಲ್ಲ. ದೆಹಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಬೇರೆ ರಾಜ್ಯದ ವಾಹನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅಂದರೆ ದಾವಣಗೆರೆ ಆರ್‌ಟಿಒದಲ್ಲಿ ಕೆಎ-17 ಸರಣಿಯ ನಂಬರ್ ಪಡೆದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕಾರಿನ ವಯಸ್ಸು ನೋಡಿ ತೆರಿಗೆ ಕಡಿಮೆ ಮಾಡುತ್ತಾರೆ ನಿಜ, ಆದರೆ ಅದರ ಲೆಕ್ಕ ಶುರುವಾಗುವುದು ನೀವು ಕೊಟ್ಟ 6 ಲಕ್ಷದಿಂದಲ್ಲ, ಕಾರಿನ ಮೂಲ ಬೆಲೆಯಿಂದ.

ಇನ್ನೊಂದು ವಿಷಯ. ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. 12 ವರ್ಷ ಹಳೆಯ ಕಾರು ತಂದರೆ ನಿಮಗೆ ಉಳಿಯುವುದು ಮೂರೇ ವರ್ಷ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ ಈ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ.

ಕಾರಿನ ಬೆಲೆ ಇಳಿಯುತ್ತದೆ, ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ

ಇದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. 50 ಲಕ್ಷದ ಕಾರು ಹಳೆಯದಾಗಿ 6 ಲಕ್ಷಕ್ಕೆ ಬಂದರೂ ಅದರ ಗೇರ್‌ಬಾಕ್ಸ್, ಸಸ್ಪೆನ್ಷನ್, ಹೆಡ್‌ಲೈಟ್ ಎಲ್ಲದಕ್ಕೂ 50 ಲಕ್ಷದ ಕಾರಿನ ರೇಟೇ. ಕೊಂಡಿದ್ದು 6 ಲಕ್ಷದ ಕಾರು, ಸಾಕಬೇಕಾಗಿರುವುದು 50 ಲಕ್ಷದ ಕಾರು. ನಮ್ಮ ತಾಲ್ಲೂಕುಗಳ ಗ್ಯಾರೇಜಿನಲ್ಲಿ ಅದಕ್ಕೆ ಬೇಕಾದ ಸ್ಕ್ಯಾನರ್ ಇಲ್ಲದಿದ್ದರೆ ಬೆಂಗಳೂರಿನಂಥ ದೊಡ್ಡ ಊರಿಗೇ ಹೋಗಬೇಕು. ದಾವಣಗೆರೆಯಿಂದಲೇ ಬೆಂಗಳೂರು ಸುಮಾರು 260 ಕಿ.ಮೀ. ಕಾರು ಕೆಟ್ಟು ನಿಂತರೆ ಟೋಯಿಂಗ್ ಖರ್ಚು ಬೇರೆ.

ಆದ್ದರಿಂದ ನಾವು ಹೇಳುವುದು ಇಷ್ಟೇ: ದುಡ್ಡು ಕಮ್ಮಿ ಇದ್ದಾಗ ದೊಡ್ಡ ಕಾರನ್ನು ಹಳೆಯದಾಗಿ ಕೊಳ್ಳಬೇಡಿ. ಚಿಕ್ಕ ಕಾರನ್ನು ಆದಷ್ಟು ಹೊಸದಾಗಿ ಕೊಳ್ಳಿ.

“ಸಿಸಿ ಜಾಸ್ತಿ ಇದ್ದರೆ ಓಟ ಜಾಸ್ತಿ” ನಿಜವೇ?

ಚಿಕ್ಕ ಕಾರು ಅಂದರೆ ಮಜಾ ಇಲ್ಲ ಅಂತ ಬೇಜಾರು ಬೇಡ. ಕಾರಿನ ಚುರುಕು ಬರೀ ಸಿಸಿಯಿಂದ ಬರುವುದಿಲ್ಲ. ಶಕ್ತಿಯನ್ನು ತೂಕದಿಂದ ಭಾಗಿಸಿದರೆ ಬರುವ ಲೆಕ್ಕ ಮುಖ್ಯ. ಒಂದೇ ಜೋಡಿ ಎತ್ತು, ಹತ್ತು ಮೂಟೆ ಹೇರಿದ ಗಾಡಿಯನ್ನು ಎಳೆಯುವುದಕ್ಕೂ ಐದು ಮೂಟೆಯ ಗಾಡಿಯನ್ನು ಎಳೆಯುವುದಕ್ಕೂ ವ್ಯತ್ಯಾಸ ಇಲ್ಲವೇ? ಹಾಗೆಯೇ ಇದು.

ಉದಾಹರಣೆ ನೋಡಿ. 2017ರಲ್ಲಿ ಬಂದ ಮಾರುತಿ ಬಲೆನೊ ಆರ್‌ಎಸ್ ಕಾರಿನದು ಬರೀ 1 ಲೀಟರ್ ಟರ್ಬೊ ಎಂಜಿನ್. ಶಕ್ತಿ ಸುಮಾರು 102 ಹಾರ್ಸ್‌ಪವರ್, ತೂಕ ಸುಮಾರು 950 ಕೆ.ಜಿ. ಅಂದರೆ ಪ್ರತಿ 100 ಕೆ.ಜಿ.ಗೆ 10ಕ್ಕಿಂತ ಹೆಚ್ಚು ಹಾರ್ಸ್‌ಪವರ್. 2.8 ಲೀಟರ್ ಡೀಸೆಲ್ ಫಾರ್ಚುನರ್‌ಗೆ 204 ಹಾರ್ಸ್‌ಪವರ್ ಇದ್ದರೂ ತೂಕ ಎರಡು ಟನ್ ದಾಟುತ್ತದೆ. ಹಾಗಾಗಿ 100 ಕೆ.ಜಿ.ಗೆ ಸಿಗುವುದು 10ರ ಆಸುಪಾಸು ಮಾತ್ರ. ಭಾರ ಎಳೆಯುವುದರಲ್ಲಿ, ಕೆಟ್ಟ ದಾರಿಯಲ್ಲಿ ಫಾರ್ಚುನರ್ ಮುಂದೆ, ಅದು ಬೇರೆ ಮಾತು. ಚುರುಕಿನ ಲೆಕ್ಕದಲ್ಲಿ ಮಾತ್ರ ಚಿಕ್ಕದೇನೂ ಹಿಂದೆ ಬೀಳುವುದಿಲ್ಲ.

ಚಿಕ್ಕ ಎಂಜಿನ್ನಿಗೆ ಇಷ್ಟು ಶಕ್ತಿ ಬರುವುದು ಟರ್ಬೊದಿಂದ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಅಲ್ಲಿಂದ ಹೆಚ್ಚು ಶಕ್ತಿ.

ಹಾಗಾದರೆ ಯಾವ ಕಾರು ನೋಡಬಹುದು?

ನಮ್ಮ ದೇಶದಲ್ಲಿ ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರಿನ ಆಸೆ ಹೊಸದಲ್ಲ. 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಅಂತ ಎರಡೇ ಸೀಟಿನ, ಫೈಬರ್ ಬಾಡಿಯ ಪುಟ್ಟ ಕಾರು ಬಂದಿತ್ತು. ಅದರಲ್ಲಿದ್ದದ್ದು ರೆನೊ ಕಂಪನಿಯ 1.2 ಲೀಟರ್ ಎಂಜಿನ್. ಇವತ್ತು ಎರಡು ಸೀಟಿನ ಕಾರು ಮನೆಮಂದಿಗೆ ಆಗಿಬರುವುದಿಲ್ಲ. ಐದು ಜನ ಕೂರುವ, ಚುರುಕಾಗಿ ಓಡುವ ಹ್ಯಾಚ್‌ಬ್ಯಾಕ್‌ಗಳಿವೆ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಎರಡೂ ಸುಮಾರು 120 ಹಾರ್ಸ್‌ಪವರ್‌ನವು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಬಲೆನೊ ಆರ್‌ಎಸ್ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ. ಕಂಪನಿ ನಿಲ್ಲಿಸಿದ ಮಾಡೆಲ್ ಆದರೆ ಪಾರ್ಟ್ಸ್ ಸಿಗುತ್ತದೆಯೇ ಎಂದು ದಾವಣಗೆರೆಯ ಸರ್ವೀಸ್ ಸೆಂಟರಿನಲ್ಲಿ ಮೊದಲೇ ಕೇಳಿ.

ಹೊಸದೇ ಬೇಕು ಅನ್ನುವವರಿಗೆ ಒಂದು ಅನುಕೂಲ ಇದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ದೊಡ್ಡ ಕಾರಿಗೆ ಶೇ 40.

ಸೆಕೆಂಡ್ ಹ್ಯಾಂಡ್ ಆದರೆ ಮೂರು–ನಾಲ್ಕು ವರ್ಷದ ಕಾರು ಒಳ್ಳೆಯ ಆಯ್ಕೆ. ವಿಮೆಯ ಲೆಕ್ಕದಲ್ಲಿ ಆ ವಯಸ್ಸಿಗೆ ಕಾರಿನ ಮೌಲ್ಯ ಶೇ 40 ಕಳೆದುಹೋಗಿರುತ್ತದೆ. ಆ ಕಳೆತ ಬಿದ್ದಿರುವುದು ಮೊದಲ ಮಾಲೀಕರ ಜೇಬಿಗೆ. ಅತ್ತ ನೋಂದಣಿಯ ಆಯಸ್ಸು ಇನ್ನೂ 11–12 ವರ್ಷ ಉಳಿದಿರುತ್ತದೆ.

ಊರಿನ ದಾರಿಯನ್ನೂ ನೆನಪಿಡಿ. ಕಾರು ನೆಲಕ್ಕೆ ತೀರಾ ಹತ್ತಿರ ಇದ್ದರೆ ಹಳ್ಳಿಯ ಹಂಪ್‌ಗೆ ತಳ ತಾಗುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸಿರುವ ಕಡೆ ಟೈರಿಗೆ ಹಿಡಿತ ಸಿಗುವುದಿಲ್ಲ. ವೇಗ ದುಪ್ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಕಾರು ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಏರ್‌ಬ್ಯಾಗ್, ಎಬಿಎಸ್, ಒಳ್ಳೆ ಟೈರಿನ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ.

“ಇಎಂಐ ಕಮ್ಮಿ ಇದ್ದರೆ ಕಾರು ಅಗ್ಗ” ನಿಜವೇ?

ಇಲ್ಲ. 8 ಲಕ್ಷ ಸಾಲ, ಶೇ 9 ಬಡ್ಡಿ ಅಂತ ಇಟ್ಟುಕೊಳ್ಳೋಣ. 5 ವರ್ಷಕ್ಕೆ ಕಂತು ಸುಮಾರು 16,600 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.96 ಲಕ್ಷ. 7 ವರ್ಷಕ್ಕೆ ಕಂತು ಸುಮಾರು 12,900ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ ಸುಮಾರು 2.81 ಲಕ್ಷಕ್ಕೆ ಏರುತ್ತದೆ. ಅಗ್ಗ ಅಂದುಕೊಂಡಿದ್ದಕ್ಕೆ 85 ಸಾವಿರ ಹೆಚ್ಚು.

ಕೃಷಿಕರಿಗೆ ಇನ್ನೂ ಒಂದು ತೊಡಕು. ಅಡಿಕೆ, ಜೋಳದ ದುಡ್ಡು ಬರುವುದು ಕೊಯ್ಲಿನ ಕಾಲಕ್ಕೆ, ಕಂತು ಬರುವುದು ಪ್ರತಿ ತಿಂಗಳು. ರೇಟು ಬಿದ್ದ ವರ್ಷವೂ ಕಟ್ಟಲು ಆಗುವಷ್ಟೇ ಸಾಲ ಮಾಡಿ.

ದುಡ್ಡು ಕೊಡುವ ಮೊದಲು

- ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ವಿವರ ನೋಡಿ, ಮೂಲ ಆರ್‌ಸಿಯ ಜೊತೆ ತಾಳೆ ಹಾಕಿ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಮುಂದುವರಿಯಬೇಡಿ.
- ಟೈರ್ ಮೇಲಿನ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು.
- ಫಾರಂ 29, 30ಕ್ಕೆ ಸಹಿ ಮಾಡಿಸಿ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಕೊಡಿ.
- ಕಾರು ಮಾರುವವರಿಗೂ ಈ ಮಾತು: ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. “ಆಮೇಲೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ತೀನಿ” ಅಂದರೆ ಒಪ್ಪಬೇಡಿ.
- ಕಾರನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. “ಸೇನೆಯಲ್ಲಿದ್ದೇನೆ, ವರ್ಗಾವಣೆ ಆಗಿದೆ, ಅಡ್ವಾನ್ಸ್ ಹಾಕಿ” ಎನ್ನುವುದು ಹಳೆಯ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

ದೆಹಲಿಯ ಹಳೆ ಕಾರು ಅಗ್ಗ ಅನ್ನುವುದು ನಿಜ. ಅದನ್ನು ಕೊಂಡವರಿಗೆ ಅಗ್ಗ ಬೀಳುತ್ತದೆ ಅನ್ನುವುದು ಸುಳ್ಳು. ಕೈ ಬಿಗಿ ಇದ್ದಾಗಲೂ ಓಡಿಸುವ ಖುಷಿ ಸಿಗುತ್ತದೆ. ಅದಕ್ಕೆ ಹಗುರವಾದ, ಚಿಕ್ಕ, ಊರ ಹತ್ತಿರವೇ ರಿಪೇರಿ ಆಗುವ ಕಾರು ಸಾಕು. ಮುಂದಿನ ಸಲ “6 ಲಕ್ಷಕ್ಕೆ ಜರ್ಮನ್ ಕಾರು” ಮೆಸೇಜು ಬಂದರೆ, ಕಳಿಸಿದವರಿಗೆ ಈ ಲೇಖನವನ್ನೇ ವಾಪಸ್ ಕಳಿಸಿ.