ಒಥೆಲೊ: ಕೇಳದೆ ಕೊಟ್ಟ ತೀರ್ಪು

ನಮ್ಮ ಬಯಲಾಟಗಳು ಮಂಗಳದೊಂದಿಗೆ ಮುಗಿಯುತ್ತವೆ. ಸಂಸ್ಕೃತ ನಾಟಕಗಳಲ್ಲಿಯೂ ಬಹುಪಾಲು ಹಾಗೆಯೇ. ನಡುವೆ ಎಷ್ಟು ಕಷ್ಟ ಬಂದರೂ ಕೊನೆಗೆ ಭರತವಾಕ್ಯ ಇದ್ದೇ ಇರುತ್ತದೆ. ಆದುದರಿಂದ ಪಾಶ್ಚಾತ್ಯರ ದುರಂತ ನಾಟಕವನ್ನು ಮೊದಲ ಸಲ ಓದುವ ವಿದ್ಯಾರ್ಥಿಗೆ, ಒಳ್ಳೆಯವನಾದ ನಾಯಕನನ್ನು ಕವಿ ಹೀಗೇಕೆ ಹಾಳುಮಾಡಿದ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದ್ದಾನೆ. ದುರಂತ ನಾಯಕನು ದುಷ್ಟನಾಗಿರಬಾರದು, ಏಕೆಂದರೆ ದುಷ್ಟನು ಬಿದ್ದರೆ ಯಾರಿಗೂ ಮರುಕ ಹುಟ್ಟುವುದಿಲ್ಲ. ಏನೊಂದು ಕುಂದೂ ಇಲ್ಲದ ಸಾಧುವೂ ಆಗಿರಬಾರದು. ಉನ್ನತ ಸ್ಥಾನದಲ್ಲಿರುವವನು ತನ್ನದೇ ಒಂದು ತಪ್ಪಿನಿಂದ ಕೆಳಗೆ ಬೀಳಬೇಕು. ಇಂತಹ ನಾಟಕದ ರುಚಿಯನ್ನು ಕನ್ನಡಿಗರಿಗೆ ತೋರಿಸಬೇಕೆಂದೇ ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು.

ಷೇಕ್ಸ್‌ಪಿಯರನ 'ಒಥೆಲೊ' ಇದೇ ಜಾತಿಯ ನಾಟಕ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಆಸ್ಥಾನದಲ್ಲಿ 1604ರ ನವೆಂಬರ್ 1ರಂದು ಇದು ಪ್ರದರ್ಶನಗೊಂಡ ದಾಖಲೆ ಉಂಟು. ಮೈಸೂರು ಸಂಸ್ಥಾನಗೀತೆಯನ್ನು ರಚಿಸಿದ ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು 'ಶೂರಸೇನ ಚರಿತ್ರೆ' ಎಂಬ ಹೆಸರಿನಿಂದ ಕನ್ನಡಕ್ಕೆ ಅಳವಡಿಸಿದರು. ಹಾಗಾಗಿ ಈ ಕತೆ ನಮಗೆ ತೀರ ಹೊಸಬರದೇನೂ ಅಲ್ಲ.

ಒಥೆಲೊವಿನ ತಪ್ಪು ಯಾವುದು? 'ಮತ್ಸರ' ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಕ್ಕೀತು. ಆದರೆ ನಾಟಕವನ್ನು ಎರಡನೆಯ ಸಲ ಓದಿದಾಗ ಆ ಉತ್ತರ ಸಾಲದೆಂದು ತೋರುತ್ತದೆ. ಮೊದಲನೆಯದಾಗಿ, ಇಲ್ಲಿರುವುದು ಒಂದೇ ಮತ್ಸರವಲ್ಲ. ಇನ್ನೊಬ್ಬನಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವೆಂದು ಕುದಿಯುವುದು ಹೊಟ್ಟೆಕಿಚ್ಚು. ತನ್ನದಾಗಿರುವುದು ಕೈತಪ್ಪಿತೋ ಎಂದು ಅಳುಕುವುದು ಶಂಕೆ. ಸೇನಾಧಿಪತಿ ಒಥೆಲೊ ತನ್ನ ಉಪನಾಯಕನ ಪದವಿಯನ್ನು ಕ್ಯಾಸಿಯೊ ಎಂಬವನಿಗೆ ಕೊಟ್ಟನೆಂದು ಧ್ವಜಧಾರಿ ಇಯಾಗೊ ಕುದಿಯುತ್ತಾನೆ. ಇದು ಹೊಟ್ಟೆಕಿಚ್ಚು. ಅವನು ಒಥೆಲೊವಿನಲ್ಲಿ ಹುಟ್ಟಿಸುವುದು ಶಂಕೆ. ಎರಡನೆಯದಾಗಿ, ಒಥೆಲೊ ಸ್ವಭಾವದಿಂದ ಸಂಶಯದ ಮನುಷ್ಯನೇ ಅಲ್ಲ, ಎಲ್ಲರನ್ನೂ ನಂಬುವವನು. ಆ ನಂಬಿಕೆಯನ್ನೇ ಹಿಡಿದು ಇಯಾಗೊ ಅವನನ್ನು ಕೆಡವುತ್ತಾನೆ. ನಾಟಕದುದ್ದಕ್ಕೂ ಎಲ್ಲರೂ ಇಯಾಗೊವನ್ನು 'ಪ್ರಾಮಾಣಿಕ' ಎಂದೇ ಕರೆಯುವುದನ್ನು ಗಮನಿಸಬೇಕು.

ಹಾಗಾದರೆ ತಪ್ಪು ಎಲ್ಲಿದೆ? ಅದನ್ನು ಕಾಣಲು ಮೊದಲನೆಯ ಅಂಕಕ್ಕೆ ಹೋಗಬೇಕು. ಒಥೆಲೊ ವೆನಿಸ್ ರಾಜ್ಯದವನಲ್ಲ. ಯೂರೋಪಿನವರು 'ಮೂರ್' ಎಂದು ಕರೆಯುತ್ತಿದ್ದ ಜನಾಂಗದ ಕಪ್ಪು ಬಣ್ಣದ ಯೋಧ. ಒಮ್ಮೆ ಶತ್ರುಗಳ ಕೈಗೆ ಸಿಕ್ಕಿ ಗುಲಾಮನಾಗಿ ಮಾರಾಟವಾದವನು. ತನ್ನ ಶೌರ್ಯದಿಂದ ವೆನಿಸ್ಸಿನ ದಂಡನಾಯಕನಾಗಿದ್ದಾನೆ. ಮಂತ್ರಿಸಭೆಯ ಹಿರಿಯ ಬ್ರಬಾನ್ಷಿಯೊ ಅವನನ್ನು ಮನೆಗೆ ಕರೆದು ಅವನ ಸಾಹಸದ ಕತೆಗಳನ್ನು ಕೇಳುತ್ತಿದ್ದ. ಅವುಗಳನ್ನು ಕೇಳಿ ಬ್ರಬಾನ್ಷಿಯೊವಿನ ಮಗಳು ಡೆಸ್ಡೆಮೋನಾ ಒಥೆಲೊವಿಗೆ ಮನಸೋತಳು. ಇಬ್ಬರೂ ಗುಟ್ಟಾಗಿ ಮದುವೆಯಾದರು. ತಂದೆ ರಾತ್ರೋರಾತ್ರಿ ಸಭೆಗೆ ಓಡಿಬಂದು, ಈ ಕಪ್ಪು ಮನುಷ್ಯ ಮಾಟಮದ್ದು ಮಾಡಿ ನನ್ನ ಮಗಳನ್ನು ಮರುಳುಮಾಡಿದ್ದಾನೆಂದು ದೂರುತ್ತಾನೆ.

ಆ ಸಭೆ ನಡೆದುಕೊಳ್ಳುವ ರೀತಿ ನೋಡಿ. ದೂರು ಕೊಟ್ಟವನು ತಮ್ಮವನು, ಧನಿಕ, ಹಿರಿಯ. ಆಪಾದಿತ ಪರದೇಶಿ. ಆದರೂ ಡ್ಯೂಕನು, ಬಾಯಿಮಾತಿನಲ್ಲಿ ಹೇಳಿದ ಮಾತ್ರಕ್ಕೆ ಅದು ರುಜುವಾತಾಗುವುದಿಲ್ಲ ಎಂದು ಬ್ರಬಾನ್ಷಿಯೊವಿಗೆ ಸ್ಪಷ್ಟವಾಗಿ ತಿಳಿಸುತ್ತಾನೆ. ಒಥೆಲೊ ಕೇಳಿಕೊಳ್ಳುವುದು ಒಂದೇ: ಡೆಸ್ಡೆಮೋನಾಳನ್ನು ಕರೆಸಿ, ತಂದೆಯ ಎದುರಿನಲ್ಲಿಯೇ ಅವಳು ಹೇಳಲಿ, ನಾನು ತಪ್ಪಿತಸ್ಥನೆಂದು ಕಂಡರೆ ನನ್ನ ಪದವಿಯಷ್ಟೇ ಅಲ್ಲ, ಪ್ರಾಣವನ್ನೂ ತೆಗೆದುಕೊಳ್ಳಿ. ಅವಳು ಬರುತ್ತಾಳೆ, ಹೇಳುತ್ತಾಳೆ. ಒಥೆಲೊ ಗೆಲ್ಲುತ್ತಾನೆ.

ಅದೇ ಒಥೆಲೊ ಸೈಪ್ರಸ್ ದ್ವೀಪದಲ್ಲಿ ತಾನೇ ನ್ಯಾಯಾಧೀಶನಾದಾಗ ಏನು ಮಾಡುತ್ತಾನೆ? ಮೂರನೆಯ ಅಂಕದ ಮೂರನೆಯ ದೃಶ್ಯ ನಾಟಕದ ಎದೆಗುಂಡಿಗೆ. ಅದರ ಆರಂಭದಲ್ಲಿ ಗಂಡಹೆಂಡಿರು ನಗುನಗುತ್ತ ಮಾತಾಡುತ್ತಾರೆ. ಮುಗಿಯುವ ಹೊತ್ತಿಗೆ ಅವಳನ್ನು ಕೊಲ್ಲಬೇಕೆಂದು ಗಂಡ ನಿಶ್ಚಯಿಸಿರುತ್ತಾನೆ. ಪಟ್ಟಾಭಿಷೇಕದ ಕತೆಯಲ್ಲಿ ಮಂಥರೆ ಕೈಕೇಯಿಯ ಕಿವಿ ಊದುವುದು ನಿಮಗೆಲ್ಲ ಗೊತ್ತಿದೆ. ಮಂಥರೆ ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತಾಳೆ. ಇಯಾಗೊ ಹಾಗಲ್ಲ. ಕ್ಯಾಸಿಯೊ ಡೆಸ್ಡೆಮೋನಾಳ ಬಳಿಯಿಂದ ಹೋಗುವುದನ್ನು ನೋಡಿ, "ಇದು ನನಗೆ ಸರಿಕಾಣುವುದಿಲ್ಲ" ಎಂಬಂತೆ ಗೊಣಗಿ ಸುಮ್ಮನಾಗುತ್ತಾನೆ. ಏನೆಂದು ಕೇಳಿದರೆ ಏನೂ ಇಲ್ಲ ಎನ್ನುತ್ತಾನೆ. ಒಥೆಲೊವಿನ ಮಾತಿನ ಕೊನೆಯ ಶಬ್ದವನ್ನೇ ಪ್ರಶ್ನೆಯಾಗಿ ಹಿಂದಿರುಗಿಸುತ್ತಾನೆ. ಸಂಶಯ ಬಹಳ ಕೆಟ್ಟದ್ದು ಸ್ವಾಮಿ, ಅದಕ್ಕೆ ಎಡೆಗೊಡಬೇಡಿ ಎಂದು ಬುದ್ಧಿ ಬೇರೆ ಹೇಳುತ್ತಾನೆ! ಕಡೆಗೆ, ಅವಳು ತಂದೆಗೇ ಮೋಸಮಾಡಿ ನಿಮ್ಮನ್ನು ಮದುವೆಯಾದವಳಲ್ಲವೇ ಎಂದು ನೆನಪಿಸುತ್ತಾನೆ. ನಾನು ಕರಿಯನೆಂದೋ, ವಯಸ್ಸಾಯಿತೆಂದೋ, ನಯವಾದ ಮಾತು ಬಾರದೆಂದೋ ಅವಳು ದೂರವಾದಳೇನೋ ಎಂದು ಒಥೆಲೊ ತನಗೆ ತಾನೇ ಹೇಳಿಕೊಳ್ಳತೊಡಗುತ್ತಾನೆ. ತನ್ನನ್ನು ಗೌರವಿಸಿದ ಆ ಊರಿನಲ್ಲಿ ಅವನು ಎಂದೂ ಹೊರಗಿನವನೇ ಆಗಿದ್ದನೆಂಬುದು ಇಲ್ಲಿ ಗೊತ್ತಾಗುತ್ತದೆ. ಇಯಾಗೊವಿನ ವಿಷ ಇಳಿದದ್ದು ಈ ಹಳೆಯ ಗಾಯದ ಮೂಲಕ.

ಆದರೂ ಒಥೆಲೊ ಕಣ್ಣಾರೆ ಕಾಣುವ ಸಾಕ್ಷಿ ಬೇಕೆಂದು ಇಯಾಗೊವಿನ ಕತ್ತು ಹಿಡಿಯುತ್ತಾನೆ. ಆಗ ಬರುವುದು ಕರವಸ್ತ್ರ. ಒಥೆಲೊ ಮೊದಲ ಕಾಣಿಕೆಯಾಗಿ ಕೊಟ್ಟಿದ್ದ, ಸ್ಟ್ರಾಬೆರಿ ಹಣ್ಣಿನ ಕಸೂತಿಯಿದ್ದ ಬಟ್ಟೆ ಅದು. ತಲೆನೋವೆಂದ ಗಂಡನ ಹಣೆಗೆ ಕಟ್ಟಲು ಹೋದಾಗ ಅವಳ ಕೈಯಿಂದ ಬಿತ್ತು. ಸಖಿ ಎಮಿಲಿಯಾ ಎತ್ತಿಕೊಂಡು, ಬಹಳ ದಿನಗಳಿಂದ ಅದನ್ನು ಕೇಳುತ್ತಿದ್ದ ತನ್ನ ಗಂಡನಿಗೆ ಕೊಟ್ಟಳು. ಅವಳ ಗಂಡನೇ ಇಯಾಗೊ. ಅವನು ಅದನ್ನು ಕ್ಯಾಸಿಯೊವಿನ ಕೋಣೆಯಲ್ಲಿ ಬೀಳಿಸಿದ. ಇಷ್ಟೆಲ್ಲ ಒಂದು ಕರವಸ್ತ್ರದ ಸುತ್ತವೇ ಎಂದು ಥಾಮಸ್ ರೈಮರ್ ಎಂಬ ವಿಮರ್ಶಕ 1693ರಲ್ಲಿ ಗೇಲಿಮಾಡಿದ್ದಾನೆ. ರೈಮರನಿಗೆ ಮನೆಗಳಲ್ಲಿ ಜಗಳ ಹುಟ್ಟುವ ಬಗೆ ತಿಳಿದಿರಲಿಲ್ಲವೆಂದೇ ನನ್ನ ಅನಿಸಿಕೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ನಾಲ್ಕನೆಯ ಅಂಕದಲ್ಲಿ ಒಥೆಲೊ ಮರೆಯಲ್ಲಿ ನಿಂತು ಕಣ್ಣಾರೆ ನೋಡುತ್ತಾನೆ. ಇಯಾಗೊ ಬಿಯಾಂಕಾ ಎಂಬ ಬೇರೊಬ್ಬ ಹೆಂಗಸಿನ ಮಾತೆತ್ತುತ್ತಾನೆ, ಕ್ಯಾಸಿಯೊ ನಗುತ್ತಾನೆ. ಮಾತು ಸರಿಯಾಗಿ ಕೇಳಿಸದ ಒಥೆಲೊವಿಗೆ ಅದು ಡೆಸ್ಡೆಮೋನಾಳ ವಿಷಯವಾದ ನಗು. ಅಷ್ಟರಲ್ಲಿ ಬಿಯಾಂಕಾ ಅದೇ ಕರವಸ್ತ್ರವನ್ನು ಹಿಡಿದು ಬರುತ್ತಾಳೆ. ಮರೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದು, "ಕ್ಯಾಸಿಯೊ, ಇದು ನಿನಗೆಲ್ಲಿ ಸಿಕ್ಕಿತು?" ಎಂದು ಕೇಳಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೇಳುವುದಿಲ್ಲ. ಮುಂದೆ ಎಮಿಲಿಯಾಳನ್ನೇನೋ ಪ್ರಶ್ನಿಸುತ್ತಾನೆ. ಒಡತಿ ಪರಿಶುದ್ಧಳೆಂದು ಅವಳು ಆಣೆಯಿಟ್ಟು ಹೇಳಿದರೂ ನಂಬುವುದಿಲ್ಲ. ತೀರ್ಪು ಮೊದಲೇ ಬರೆದಾಗಿದೆ.

ಕೊನೆಯ ಅಂಕದಲ್ಲಿ, ಮಲಗುವ ಕೋಣೆಯಲ್ಲಿ, ಆಪಾದನೆ ಏನೆಂಬುದು ಡೆಸ್ಡೆಮೋನಾಳಿಗೆ ಮೊದಲ ಸಲ ಪೂರ್ತಿಯಾಗಿ ತಿಳಿಯುತ್ತದೆ. ಅವಳು ಹೇಳುವುದೇನು? ಅವನನ್ನು ಇಲ್ಲಿಗೆ ಕರೆಸಿ, ಅವನೇ ನಿಜ ಹೇಳಲಿ. ವೆನಿಸ್ಸಿನ ಸಭೆಯಲ್ಲಿ ಒಥೆಲೊ ತನಗಾಗಿ ಬೇಡಿ ಪಡೆದದ್ದೂ ಇದನ್ನೇ. ಅಪರಿಚಿತರ ಸಭೆ ಅವನಿಗೆ ಕೊಟ್ಟದ್ದನ್ನು ಅವನು ಕೈಹಿಡಿದ ಹೆಂಡತಿಗೆ ಕೊಡಲಿಲ್ಲ. ಕ್ಯಾಸಿಯೊವಿನ ಬಾಯಿ ಮುಚ್ಚಿಸಿಯಾಯಿತು, ಇಯಾಗೊ ಆ ಕೆಲಸ ನೋಡಿಕೊಂಡಿದ್ದಾನೆ ಎನ್ನುತ್ತಾನೆ. ಅವಳು ಒಂದು ರಾತ್ರಿಯ, ಕಡೆಗೆ ಅರ್ಧ ಗಂಟೆಯ ಅವಕಾಶ ಬೇಡುತ್ತಾಳೆ. ಅದೂ ಇಲ್ಲ.

ಅವಳ ಉಸಿರು ನಿಂತ ಮೇಲೆ ಸತ್ಯ ಹೊರಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕರವಸ್ತ್ರವನ್ನು ತಾನೇ ಎತ್ತಿ ಗಂಡನಿಗೆ ಕೊಟ್ಟೆನೆಂದು ಎಮಿಲಿಯಾ ಹೇಳಿಬಿಡುತ್ತಾಳೆ. ಅದಕ್ಕಾಗಿ ಆ ಗಂಡನ ಕತ್ತಿಗೇ ಬಲಿಯಾಗುತ್ತಾಳೆ. ಕ್ಯಾಸಿಯೊ ಸತ್ತಿರಲಿಲ್ಲ, ಗಾಯಗೊಂಡ ಅವನನ್ನು ಕುರ್ಚಿಯಲ್ಲಿ ಹೊತ್ತು ತರುತ್ತಾರೆ. ಈಗ ಒಥೆಲೊ ಅವನನ್ನು ಕೇಳುತ್ತಾನೆ, ಕರವಸ್ತ್ರ ನಿನ್ನ ಕೈಗೆ ಹೇಗೆ ಬಂತೆಂದು. ನನ್ನ ಕೋಣೆಯಲ್ಲಿ ಬಿದ್ದಿತ್ತು ಎಂದು ಕ್ಯಾಸಿಯೊ ಉತ್ತರಿಸುತ್ತಾನೆ. ಒಂದು ಪ್ರಶ್ನೆ, ಒಂದು ಉತ್ತರ. ನಡೆದದ್ದನ್ನು ಇದ್ದ ಹಾಗೆ ಬರೆಯಿರಿ, ಕಡಿಮೆಯೂ ಮಾಡಬೇಡಿ, ದ್ವೇಷದಿಂದ ಹೆಚ್ಚೂ ಮಾಡಬೇಡಿ ಎಂದು ವೆನಿಸ್ಸಿನವರಿಗೆ ಹೇಳಿ ಒಥೆಲೊ ತನ್ನನ್ನು ತಾನೇ ಇರಿದುಕೊಳ್ಳುತ್ತಾನೆ.

ಇಷ್ಟು ಹೊತ್ತು ಎಲ್ಲರಿಗಿಂತ ಹೆಚ್ಚು ಮಾತಾಡಿದ ಇಯಾಗೊ, ಇನ್ನು ಬಾಯಿ ಬಿಡುವುದಿಲ್ಲವೆಂದು ಹೇಳಿ ಸುಮ್ಮನಾಗಿದ್ದಾನೆ. ಅವನನ್ನು ರಂಗದ ಮೇಲೆ ಯಾರೂ ಕೊಲ್ಲುವುದಿಲ್ಲ. ಶಿಕ್ಷೆಯ ಹೊಣೆಯನ್ನು ಸೈಪ್ರಸ್ಸಿನ ಹೊಸ ಅಧಿಪತಿಗೆ ಒಪ್ಪಿಸುತ್ತಾರೆ. ಆ ಅಧಿಪತಿ ಕ್ಯಾಸಿಯೊ.