ಮಾನಸಿಕ ಕಾಯಿಲೆಯ ಸಾಮಾಜಿಕ ಕಳಂಕ

ಮಾನಸಿಕ ಕಾಯಿಲೆಯ ಸಾಮಾಜಿಕ ಕಳಂಕವೆಂದರೆ, ಮಾನಸಿಕ ಕಾಯಿಲೆಗೆ ಒಳಗಾದವರನ್ನು ಆ ಕಾರಣಕ್ಕಾಗಿಯೇ ಕೀಳಾಗಿ ಕಾಣುವ, ದೂರವಿಡುವ ಮತ್ತು ಅವಕಾಶಗಳಿಂದ ವಂಚಿಸುವ ಸಾಮಾಜಿಕ ಪ್ರವೃತ್ತಿ. ಇದರಿಂದ ರೋಗಿಯೂ ಕುಟುಂಬದವರೂ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಚಿಕಿತ್ಸೆ ತಡವಾಗುತ್ತದೆ ಅಥವಾ ದೊರೆಯುವುದೇ ಇಲ್ಲ.

ಪರಿಕಲ್ಪನೆ

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಪ್ರಕಟಿಸಿದ 'ಸ್ಟಿಗ್ಮಾ' ಎಂಬ ಗ್ರಂಥವು ಈ ವಿಷಯದ ಅಧ್ಯಯನಕ್ಕೆ ತಳಹದಿ ಹಾಕಿತು. ಸಮಾಜವು ತೋರುವ ತಿರಸ್ಕಾರವನ್ನು ಸಾರ್ವಜನಿಕ ಕಳಂಕವೆಂದೂ, ಆ ತಿರಸ್ಕಾರವನ್ನೇ ನಿಜವೆಂದು ನಂಬಿ ರೋಗಿಯು ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಸ್ವಕಳಂಕವೆಂದೂ ಕರೆಯುತ್ತಾರೆ. ಕುಟುಂಬವೂ ಇದರಿಂದ ಹೊರತಲ್ಲ. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಿದೆಯೆಂದು ತಿಳಿದರೆ ಉಳಿದ ಮಕ್ಕಳ ಮದುವೆಗೆ ಅಡ್ಡಿಯಾಗುವುದೆಂಬ ಭಯ ಭಾರತದಲ್ಲಿ ಸಾಮಾನ್ಯ. ಆಡುಮಾತಿನ 'ಹುಚ್ಚ', 'ತಲೆ ಕೆಟ್ಟವನು', 'ಹುಚ್ಚಾಸ್ಪತ್ರೆ' ಮುಂತಾದ ಪದಗಳು ಈ ಮನೋಭಾವವನ್ನು ಉಳಿಸಿಕೊಂಡು ಬಂದಿವೆ.

ಸಂಶೋಧನೆಗಳು

ಬೆಂಗಳೂರಿನ ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಬಂದ 80 ಜನರನ್ನು ಕುರಿತ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಖಿನ್ನತೆಯ ಲಕ್ಷಣಗಳು ತೀವ್ರವಾಗಿದ್ದವರಲ್ಲಿ ಕಳಂಕದ ಅನುಭವ ಹೆಚ್ಚಾಗಿತ್ತು. ತಮ್ಮ ಸಂಕಟವನ್ನು ಮೈಕೈ ನೋವು, ಸುಸ್ತು ಮುಂತಾದ ದೇಹದ ತೊಂದರೆಗಳಾಗಿ ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮರ್ಯಾದೆಗೆ ಕುಂದು, ದೇಹದ ನೋವು ಎಲ್ಲರಿಗೂ ಬರುವಂಥದು ಎಂಬ ಭಾವನೆ ಇದರ ಹಿಂದಿದೆ. ಆದುದರಿಂದ ವೈದ್ಯರ ಮುಂದೆ ತಲೆನೋವು ಅಥವಾ ನಿಶ್ಶಕ್ತಿಯನ್ನಷ್ಟೇ ಹೇಳುವವರಲ್ಲಿ ಖಿನ್ನತೆಯು ಗುರುತಿಸಲ್ಪಡದೆ ಹೋಗುವ ಸಂಭವವಿದೆ.

27 ದೇಶಗಳಲ್ಲಿ ಸ್ಕಿಜೋಫ್ರೀನಿಯಾ ಇರುವ 732 ಜನರನ್ನು ಸಂದರ್ಶಿಸಿದ ಅಧ್ಯಯನವು 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 72ರಷ್ಟು ಜನ ಕಾಯಿಲೆಯನ್ನು ಮರೆಮಾಚುವ ಅಗತ್ಯವಿದೆಯೆಂದು ಭಾವಿಸಿದ್ದರು. ಉದ್ಯೋಗ ಹುಡುಕುವಾಗ ಅಥವಾ ಆತ್ಮೀಯ ಸಂಬಂಧಗಳಲ್ಲಿ ತಾರತಮ್ಯವನ್ನು ಎಂದೂ ಅನುಭವಿಸದವರೂ ಅದನ್ನು ನಿರೀಕ್ಷಿಸಿ ಹಿಂಜರಿಯುತ್ತಿದ್ದುದು ಕಂಡುಬಂದಿತು.

ಚಿಕಿತ್ಸೆಯ ಕೊರತೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆಗಳಿದ್ದವು. ಚಿಕಿತ್ಸೆ ಪಡೆಯದವರ ಪ್ರಮಾಣವು ಕಾಯಿಲೆಯ ಬಗೆಯನ್ನು ಅನುಸರಿಸಿ ಶೇ. 70ರಿಂದ 92ರವರೆಗೆ ಇತ್ತು. ತಜ್ಞರ ಅಭಾವ, ಆಸ್ಪತ್ರೆಯ ದೂರ ಮತ್ತು ಖರ್ಚಿನ ಜೊತೆಗೆ ಕಳಂಕವೂ ಇದಕ್ಕೆ ಕಾರಣ.

ಏರ್ವಾಡಿ ದುರಂತ ಮತ್ತು ಕಾನೂನು

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಿತು. ಸರಪಳಿಯಿಂದ ಬಂಧಿತರಾಗಿದ್ದವರು ತಪ್ಪಿಸಿಕೊಳ್ಳಲಾಗಲಿಲ್ಲ. 28 ಜನ ಮೃತಪಟ್ಟರು. ರೋಗಿಗಳ ಸ್ಥಿತಿಗತಿಯ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆ ಕೈಗೊಂಡಿತು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017, ರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಘನತೆಯಿಂದ ಬದುಕುವ ಮತ್ತು ಸರ್ಕಾರಿ ಸೇವೆಗಳಿಂದ ಚಿಕಿತ್ಸೆ ಪಡೆಯುವ ಹಕ್ಕನ್ನು ಮಾನ್ಯ ಮಾಡಿದೆ. ದೈಹಿಕ ಕಾಯಿಲೆಗಳಂತೆ ಮಾನಸಿಕ ಕಾಯಿಲೆಗಳಿಗೂ ವಿಮಾ ಸೌಲಭ್ಯ ಒದಗಿಸಬೇಕೆಂದು ವಿಧಿಸಿದೆ.

ಕಳಂಕ ನಿವಾರಣೆಯ ಮಾರ್ಗಗಳು

ಮಾನಸಿಕ ಕಾಯಿಲೆಯು ಮೆದುಳಿಗೆ ಸಂಬಂಧಿಸಿದ್ದೆಂದು ತಿಳಿಸಿದರೆ ಕಳಂಕ ತೊಲಗುವುದೆಂದು ಬಹುಕಾಲ ನಂಬಲಾಗಿತ್ತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯು, ಇಂತಹ ತಿಳಿವಳಿಕೆಯೊಂದಿಗೆ ಚಿಕಿತ್ಸೆಯ ಬಗೆಗಿನ ಒಲವು ಹೆಚ್ಚಿದರೂ ರೋಗಿಗಳನ್ನು ನೆರೆಹೊರೆಯವರಾಗಿ, ಸಹೋದ್ಯೋಗಿಗಳಾಗಿ ಒಪ್ಪಿಕೊಳ್ಳುವ ಮನೋಭಾವ ಬೆಳೆದಿಲ್ಲವೆಂದು ತೋರಿಸಿತು. ಕಾಯಿಲೆಯನ್ನು ಅನುಭವಿಸಿ ಸಾಮಾನ್ಯ ಜೀವನ ನಡೆಸುತ್ತಿರುವವರೊಡನೆ ನೇರ ಒಡನಾಟವೇ, ವಿಶೇಷವಾಗಿ ವಯಸ್ಕರಲ್ಲಿ, ಹೆಚ್ಚು ಪರಿಣಾಮಕಾರಿಯೆಂದು ಸಂಶೋಧನೆಗಳು ಸೂಚಿಸುತ್ತವೆ.

ಚಿಕಿತ್ಸೆಯನ್ನು ಜನರ ಬಳಿಗೆ ಒಯ್ಯುವುದು ಇನ್ನೊಂದು ಮಾರ್ಗ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ, ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿತು. ಇದೇ ಮಾದರಿಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಜ್ವರ, ಕೆಮ್ಮಿಗೆ ಹೋಗುವ ಕೇಂದ್ರದಲ್ಲಿಯೇ ಮನಸ್ಸಿನ ಕಾಯಿಲೆಗೂ ಔಷಧ ಸಿಗುವಾಗ ರೋಗಿಯು ಬೇರೆಯವನೆಂದು ಗುರುತಿಸಲ್ಪಡುವ ಸಂದರ್ಭ ಕಡಿಮೆಯಾಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯು 14416 ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತ ಸಲಹೆ ನೀಡುತ್ತದೆ.