ಹೈದರಾಬಾದ್ ಹೆಸರಿನ ಮರೆತ ರೆಜಿಮೆಂಟು

ಹಿಮಾಯತ್‌ನಗರದಲ್ಲಿ ನಾವು ನಾಲ್ಕು ಮಂದಿ ಕನ್ನಡಿಗರು ಸೇರಿದಾಗ ಜನರಲ್ ಕೆ.ಎಸ್. ತಿಮ್ಮಯ್ಯನವರ ಮಾತು ಬಂದರೆ ಎಲ್ಲರಿಗೂ ಅಭಿಮಾನ ಉಕ್ಕುತ್ತದೆ. ಆದರೆ 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಅವರು ಸೇವೆ ಸಲ್ಲಿಸಿದ್ದು ನಮ್ಮ ಈ ಊರಿನ ಹೆಸರನ್ನೇ ಹೊತ್ತಿದ್ದ 19ನೆಯ ಹೈದರಾಬಾದ್ ರೆಜಿಮೆಂಟಿನಲ್ಲಿ ಎಂಬುದು ಬಹಳ ಮಂದಿಗೆ ತಿಳಿಯದು.

ಇದು ನಿಜಾಮರ ಸ್ವಂತ ಸೇನೆಯಲ್ಲ. ಇಲ್ಲಿನ ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ ಪಡೆಯೇ ಇದರ ಮೂಲ. ಹಣ ನಿಜಾಮರದು, ಅಧಿಕಾರ ಆಂಗ್ಲರದು. ಬೊಲ್ಲಾರಂನಲ್ಲಿ ನೆಲೆಗೊಂಡಿದ್ದ ಆ ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯಲ್ಲಿ ವಿಲೀನವಾಯಿತು. 1922ರಲ್ಲಿ ಅದರ ಪದಾತಿದಳಗಳಿಗೆ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರು ಬರುವ ವೇಳೆಗೆ, ಅಲ್ಲಿನ ಸಿಪಾಯಿಗಳು ಬಹುಪಾಲು ಕುಮಾವೂನಿಗಳು, ಅಹೀರರು, ಜಾಟರು!

1923ರಲ್ಲಿ ಭಾರತೀಯ ಅಧಿಕಾರಿಗಳಿಗೆಂದು ಸರಕಾರವು ಎಂಟು ಪಡೆಗಳನ್ನು ಪ್ರತ್ಯೇಕಿಸಿತು. ಭಾರತೀಯನ ಆಜ್ಞೆಗೆ ಆಂಗ್ಲ ಅಧಿಕಾರಿ ತಲೆಬಾಗುವ ಪ್ರಸಂಗ ಬರಬಾರದೆಂಬುದೂ ಅದರ ಒಳ ಉದ್ದೇಶವಾಗಿತ್ತು. ಆ ಎಂಟರಲ್ಲಿ ಈ ರೆಜಿಮೆಂಟಿನ 4ನೆಯ ಬೆಟಾಲಿಯನ್ ಒಂದು. ತಿಮ್ಮಯ್ಯನವರು ಸೇರಿದ್ದು ಇದಕ್ಕೇ.

ಎರಡನೆಯ ಮಹಾಯುದ್ಧದಲ್ಲಿ ಭಾರತದಲ್ಲಿ ಕಡ್ಡಾಯ ಸೈನ್ಯಭರ್ತಿ ಇರಲಿಲ್ಲ. ಸುಮಾರು ಎರಡು ಲಕ್ಷದಷ್ಟಿದ್ದ ಸೇನೆ ಸ್ವಯಂ ಮುಂದೆ ಬಂದವರಿಂದಲೇ 25 ಲಕ್ಷಕ್ಕೆ ಬೆಳೆಯಿತು. ಹಾಗೆ ಬಂದವರಲ್ಲಿ ದೇಶಾಭಿಮಾನವೆಷ್ಟು, ಹೊಟ್ಟೆಪಾಡೆಷ್ಟು ಎಂದು ತೂಗಿ ಹೇಳುವವರು ಯಾರು?

4ನೆಯ ಬೆಟಾಲಿಯನ್ ಮಲಯದಲ್ಲಿತ್ತು. 1942ರ ಜನವರಿ 7ರಂದು ಬೆಳಕು ಹರಿಯುವ ಮುನ್ನವೇ ಜಪಾನೀ ಟ್ಯಾಂಕುಗಳು ಸ್ಲಿಮ್ ನದಿಯ ಕಡೆಗೆ ಹೆದ್ದಾರಿ ಹಿಡಿದು ನುಗ್ಗಿದವು. ಎಲ್ಲರಿಗಿಂತ ಮುಂದೆ ಇದ್ದವರು ಈ ಬೆಟಾಲಿಯನ್ನಿನವರು. ಕೆಲವೇ ಗಂಟೆಗಳಲ್ಲಿ ಇಡೀ ಬ್ರಿಗೇಡ್ ಛಿದ್ರವಾಯಿತು. ಫೆಬ್ರವರಿ 15ರಂದು ಸಿಂಗಪುರವೂ ಶರಣಾಯಿತು. ಅಳಿದುಳಿದವರ ಪಾಲಿಗೆ ಬಂದದ್ದು ಸೆರೆ.

ಅಷ್ಟರಲ್ಲಿ ತಿಮ್ಮಯ್ಯನವರು ಸ್ವದೇಶಕ್ಕೆ ಮರಳಿದ್ದರು. ಮುಂದೆ 8ನೆಯ ಬೆಟಾಲಿಯನ್ನಿನ ನಾಯಕರಾಗಿ ಬರ್ಮಾದ ಅರಕಾನಿಗೆ ಹೋದರು. 1945ರ ಜನವರಿಯಲ್ಲಿ ಕಾಂಗಾವ್ ಕದನದಲ್ಲಿ ಅವರ ಜೊತೆಗೆ ಹೋರಾಡಿದ ಇನ್ನೆರಡು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರು: ಎಲ್.ಪಿ. ಸೇನ್ ಮತ್ತು ಎಸ್.ಪಿ.ಪಿ. ಥೋರಾತ್. ಮೂವರಿಗೂ ಡಿ.ಎಸ್.ಒ. ಪದಕ ಸಂದಿತು. ಭಾರತೀಯನು ಬೆಟಾಲಿಯನ್ ನಡೆಸಬಲ್ಲನೇ ಎಂಬ ಇಪ್ಪತ್ತು ವರ್ಷಗಳ ಸಂಶಯಕ್ಕೆ ಅಲ್ಲಿ ಉತ್ತರ ದೊರೆಯಿತು.

1945ರ ಅಕ್ಟೋಬರಿನಲ್ಲಿ ರೆಜಿಮೆಂಟಿಗೆ ಕುಮಾವೂನ್ ಎಂಬ ಹೆಸರಾಯಿತು. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಖಾತೆ ಅದೇ, ಹೆಸರು ಮಾತ್ರ ಬೇರೆ. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ, ಕೈಗೆ ಪ್ಲಾಸ್ಟರ್ ಇದ್ದರೂ ಹೋರಾಡಿ ಮಡಿದು, ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ ಇದೇ 4ನೆಯ ಬೆಟಾಲಿಯನ್ನಿನವರು. ಈ ರೆಜಿಮೆಂಟಿನಿಂದಲೇ ಭೂಸೇನೆಯ ಮುಖ್ಯಸ್ಥರಾದ ಜನರಲ್ ಶ್ರೀನಾಗೇಶ್ ಅವರು ಬಳಿಕ ಆಂಧ್ರಪ್ರದೇಶಕ್ಕೂ, 1964ರಲ್ಲಿ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾದರು. ನಮ್ಮ ಎರಡೂ ನೆಲಗಳಿಗೆ ಅವರು ಬೇಕಾದವರು.

ಮಲಯದಲ್ಲಿ ಮಡಿದು ಸಮಾಧಿಯೂ ದೊರೆಯದ ಯೋಧರ ಹೆಸರುಗಳನ್ನು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ ಕೆತ್ತಲಾಗಿದೆ. ಅಲ್ಲಿ ಅವರ ದಳದ ಹೆಸರು ಇಂದಿಗೂ ಹೈದರಾಬಾದ್ ರೆಜಿಮೆಂಟ್ ಎಂದೇ ಇದೆ.